ಒಗ್ಗರಣೆ ಸಿಡಿಯುವ ಗೋಡೆ

ಎರಡು ವರ್ಷದ ಹಿಂದೆ ಮಳೆಗಾಲದ ಒಂದು ರಾತ್ರಿ ನಮ್ಮ ಅಡುಗೆಮನೆಯಲ್ಲಿ ಧಡ್ ಎಂದು ಸದ್ದಾಯಿತು. ಬೆಕ್ಕು ಪಾತ್ರೆ ಬೀಳಿಸಿರಬೇಕು ಅಂದುಕೊಂಡು ಎದ್ದು ಹೋದೆ. ಪಾತ್ರೆಗಳೆಲ್ಲ ಇದ್ದಲ್ಲೇ ಇದ್ದವು. ಮಿಕ್ಸಿಯ ಹಿಂದಿನ ಗೋಡೆಯಿಂದ ಎರಡು ಟೈಲ್ಸ್ ಕಳಚಿ ಕಟ್ಟೆ ಮೇಲೆ ಬಿದ್ದಿದ್ದವು. ಒಂದು ಚೂರಾಗಿತ್ತು, ಇನ್ನೊಂದು ಹಾಗೇ ಇತ್ತು. ಅದನ್ನು ತಿರುಗಿಸಿ ನೋಡಿದರೆ ಹಿಂಬದಿ ಅಂಗಡಿಯಿಂದ ತಂದ ದಿನದಷ್ಟೇ ಚೊಕ್ಕವಾಗಿತ್ತು. ಸಿಮೆಂಟಿನ ಒಂದು ಪುಡಿಯೂ ಅಂಟಿರಲಿಲ್ಲ. ಗೋಡೆಯ ಮೇಲೆ ಮಾತ್ರ ಸಣ್ಣ ರಾಗಿಮುದ್ದೆಯಂಥ ಐದು ಸಿಮೆಂಟ್ ಗುಡ್ಡೆಗಳು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು.

ಆ ಟೈಲ್ಸ್ ಆರಿಸಲು ನಾವು ಮನೆಮಂದಿಯೆಲ್ಲ ಹಾಸನದ ಬಿ.ಎಂ. ರೋಡಿನಲ್ಲಿ ಒಂದು ಭಾನುವಾರ ಪೂರ್ತಿ ಅಲೆದಿದ್ದೆವು. ಬಣ್ಣಕ್ಕೆ ಜಗಳ, ಹೂವಿನ ಚಿತ್ರ ಬೇಕಾ ಬೇಡವಾ ಅಂತ ಇನ್ನೊಂದು ಜಗಳ. ಅದನ್ನು ಗೋಡೆಗೆ ಹೇಗೆ ಅಂಟಿಸುತ್ತಾರೆ, ಸಂದಿಗೆ ಏನು ತುಂಬುತ್ತಾರೆ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಗೋಡೆ ಪೂರ್ತಿ ಕಿತ್ತು ಎರಡನೇ ಸಲ ಮಾಡಿಸುವಾಗಲೇ ಗೊತ್ತಾಗಿದ್ದು, ಟೈಲ್ಸ್‌ನ ಮುಖ ನೋಡುವುದಕ್ಕಿಂತ ಅದರ ಬೆನ್ನು, ಅದರ ಸಂದಿ ನೋಡುವುದು ಜಾಸ್ತಿ ಮುಖ್ಯ ಅಂತ.

ಈ ಗೋಡೆಗೆ ಈಗ ಬ್ಯಾಕ್‌ಸ್ಪ್ಲ್ಯಾಶ್ ಎಂಬ ಹೆಸರು ಬಂದಿದೆ. ಇಂಟೀರಿಯರ್ ಕೆಲಸದವರು ಹಾಗೆನ್ನುತ್ತಾರೆ. ಮೇಸ್ತ್ರಿಗಳ ಬಾಯಲ್ಲಿ ಅದು ಡ್ಯಾಡೋ. ನಮ್ಮಜ್ಜಿಗೆ ಸುಮ್ನೆ ಮಸಿ ಗೋಡೆ. ಸೌದೆ ಒಲೆಯ ಕಾಲದಲ್ಲಿ ಅದಕ್ಕೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದರು, ಮೂರೇ ದಿನಕ್ಕೆ ಮತ್ತೆ ಕಪ್ಪು. ಗ್ಯಾಸ್ ಬಂದ ಮೇಲೆ ಮಸಿ ಹೋಯಿತು, ಜಿಡ್ಡು ಉಳಿಯಿತು. ಸಾಸಿವೆ ಸಿಡಿಯುತ್ತದೆ, ಕುಕ್ಕರ್ ಸೀಟಿ ಹೊಡೆದರೆ ಬೇಳೆನೀರು ಚಿಮ್ಮುತ್ತದೆ, ಸಿಂಕಿನ ನೀರು ಎರಚುತ್ತದೆ, ಕಾಫಿ ಡಿಕಾಕ್ಷನ್ ಸೋಸುವಾಗ ಒಂದೆರಡು ಹನಿ ಹಾರುತ್ತವೆ. ಕಟ್ಟೆಯಿಂದ ಮೇಲಿನ ಕಪಾಟಿನ ತಳದವರೆಗೆ ಸಾಮಾನ್ಯವಾಗಿ ಎರಡು ಅಡಿ ಎತ್ತರ. ಒಲೆಯ ಹಿಂದೆ ಮಾತ್ರ ಚಿಮಣಿವರೆಗೂ ಟೈಲ್ಸ್ ಹೋಗಬೇಕು. ಚಿಮಣಿ ಇಲ್ಲದ ಮನೆಯಲ್ಲಿ ಸೂರಿನವರೆಗೂ ಹಾಕಿಸಿದರೆ ನಷ್ಟವೇನಿಲ್ಲ.

ನಮ್ಮ ಕಡೆ ಇದಕ್ಕೊಂದು ತೊಡಕಿದೆ. ಹಾಸನ ಜಿಲ್ಲೆಯೊಳಗೇ ಎರಡು ಥರದ ಅಡುಗೆಮನೆ ಇವೆ. ಸಕಲೇಶಪುರದಲ್ಲಿ ಆರಿದ್ರ ಮಳೆ ಹಿಡಿದರೆ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ಗೋಡೆಗೂ ತೇವ, ಸಂದಿಗೆಲ್ಲ ಕಪ್ಪು ಬೂಸ್ಟು. ಅರಸೀಕೆರೆ ಕಡೆ ಬೂಸ್ಟಿನ ಕಾಟ ಕಡಿಮೆ, ಗಡಸು ಬೋರ್ ನೀರಿನ ಕಾಟ ಜಾಸ್ತಿ. ಹನಿ ಒಣಗಿದ ಕಡೆಯೆಲ್ಲ ಬಿಳಿ ಚುಕ್ಕೆ ಉಳಿಯುತ್ತದೆ. ಚಿಕ್ಕಮಗಳೂರಿನದೂ ಇದೇ ಕಥೆ. ಶೃಂಗೇರಿ, ಕೊಪ್ಪ, ಮೂಡಿಗೆರೆ ಒಂದು ಕಡೆ, ಕಡೂರು ಇನ್ನೊಂದು ಕಡೆ. ಕಡೂರಿನಲ್ಲಿ ಕಡುಗಪ್ಪು ಹೊಳಪಿನ ಟೈಲ್ಸ್ ಹಾಕಿಸಿದವರು ದಿನಾ ಬಟ್ಟೆ ಹಿಡಿದು ನಿಲ್ಲಬೇಕು. ಕೊಪ್ಪದಲ್ಲಿ ಬಿಳಿ ಸಿಮೆಂಟಿನ ಸಂದಿ ಬಿಟ್ಟವರಿಗೆ ಎರಡು ಮಳೆಗಾಲ ಕಳೆಯುವುದರಲ್ಲಿ ಕಪ್ಪು ಗೆರೆ ಕಾಣುತ್ತದೆ. ಹಾಗಾಗಿ ನೆಂಟರ ಮನೆಯಲ್ಲಿ ಚೆನ್ನಾಗಿ ಕಂಡಿದ್ದನ್ನೇ ತಂದು ಹಾಕುವ ಮೊದಲು ಅವರ ಮನೆ ಘಟ್ಟದ ಅಂಚಿನಲ್ಲಿದೆಯಾ, ಬಯಲುಸೀಮೆಯಲ್ಲಿದೆಯಾ ಅಂತ ನೋಡಿಕೊಳ್ಳಿ.

ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವ ಎರಡು ಹೆಸರು ಸೆರಾಮಿಕ್ ಮತ್ತು ವಿಟ್ರಿಫೈಡ್. ಹೆಚ್ಚಿನವು ಗುಜರಾತಿನ ಮೋರ್ಬಿಯಿಂದ ಬಂದಿರುತ್ತವೆ, ನೋಡಲು ಎರಡೂ ಒಂದೇ ಥರ. ವ್ಯತ್ಯಾಸ ತಿಳಿಯಲು ಮಡಕೆ ಮತ್ತು ಉಪ್ಪಿನಕಾಯಿ ಭರಣಿಯನ್ನು ನೆನಪಿಸಿಕೊಳ್ಳಿ. ಮಡಕೆ ನೀರು ಕುಡಿಯುತ್ತದೆ, ಭರಣಿ ಕುಡಿಯುವುದಿಲ್ಲ. ಗೋಡೆಯ ಸೆರಾಮಿಕ್ ಟೈಲ್‌ಗೆ ಮುಖ ಭರಣಿಯದು, ಬೆನ್ನು ಮಡಕೆಯದು. ಅದು ತನ್ನ ತೂಕದ 10 ಪರ್ಸೆಂಟ್‌ಗಿಂತ ಜಾಸ್ತಿ ನೀರು ಹೀರುತ್ತದೆ. ವಿಟ್ರಿಫೈಡ್ ಒಳಗೂ ಹೊರಗೂ ಭರಣಿ. ಅದು ಹೀರುವ ನೀರು ಅರ್ಧ ಪರ್ಸೆಂಟನ್ನೂ ದಾಟುವುದಿಲ್ಲ.

ಗೊತ್ತಾಗದಿದ್ದರೆ ಬೆನ್ನಿನ ಮೇಲೆ ಒಂದು ಹನಿ ನೀರು ಹಾಕಿ. ಸೆರಾಮಿಕ್ ಆದರೆ ಕಣ್ಣೆದುರೇ ಹೀರಿಕೊಂಡು ಬಣ್ಣ ಗಾಢವಾಗುತ್ತದೆ. ವಿಟ್ರಿಫೈಡ್ ಆದರೆ ಹನಿ ಕೆಸುವಿನ ಎಲೆ ಮೇಲಿದ್ದ ಹಾಗೆ ನಿಂತೇ ಇರುತ್ತದೆ.

ನಮ್ಮ ಟೈಲ್ಸ್ ಬಿದ್ದಿದ್ದರ ಗುಟ್ಟೂ ಈ ಹನಿಯಲ್ಲೇ ಇದೆ. ಸಿಮೆಂಟ್ ಗಂಜಿ ಅಂಟಿನ ಹಾಗೆ ಮೇಲ್ಮೈಗೆ ಮೆತ್ತಿಕೊಳ್ಳುವುದಿಲ್ಲ. ಅದು ಟೈಲ್ಸ್‌ನ ಸಣ್ಣ ರಂಧ್ರಗಳೊಳಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ, ಬೇರು ಬಿಟ್ಟ ಹಾಗೆ. ರಂಧ್ರವೇ ಇಲ್ಲದ ವಿಟ್ರಿಫೈಡ್‌ನಲ್ಲಿ ಬೇರು ಎಲ್ಲಿ ಬಿಡಬೇಕು? ನಮ್ಮದು ವಿಟ್ರಿಫೈಡ್. ಹಚ್ಚಿದ್ದು ಬರೀ ಸಿಮೆಂಟ್, ಅದೂ ಗುಡ್ಡೆ ಗುಡ್ಡೆಯಾಗಿ. ಎರಡನೇ ಸಲ ಬಂದ ಮೇಸ್ತ್ರಿ ಬಿದ್ದ ಟೈಲ್ಸ್ ಕೈಗೆತ್ತಿಕೊಂಡು ಬೆನ್ನು ಸವರಿ ಹೇಳಿದ್ದು ಎರಡೇ ಮಾತು. "ಇದು ನೀರು ಕುಡಿಯಲ್ಲ ಅಕ್ಕಾ. ಸಿಮೆಂಟು ಹಿಡ್ಕೊಳಲ್ಲ."

ಹಾಗಾದರೆ ವಿಟ್ರಿಫೈಡ್ ಬೇಡವಾ? ಬೇಕಾದರೆ ಹಾಕಿಸಿ, ಆದರೆ ಟೈಲ್ ಅಡ್ಹೆಸಿವ್‌ನಲ್ಲೇ ಹಾಕಿಸಿ. ಅದರಲ್ಲಿ ಸಿಮೆಂಟಿನ ಜೊತೆ ಪಾಲಿಮರ್ ಇರುತ್ತದೆ, ರಂಧ್ರ ಇಲ್ಲದಿದ್ದರೂ ಕಚ್ಚುತ್ತದೆ. ಚೀಲದ ಮೇಲೆ ಐಎಸ್ 15477 ಎಂದು ಇದೆಯಾ ನೋಡಿ, ಅದು ಟೈಲ್ಸ್ ಅಂಟಿಗೆ ಇರುವ ಭಾರತೀಯ ಮಾನಕದ ನಂಬರ್. ಪಕ್ಕದಲ್ಲಿ ಟೈಪ್ 1, ಟೈಪ್ 2 ಎಂದೆಲ್ಲ ಬರೆದಿರುತ್ತದೆ. ಸೆರಾಮಿಕ್‌ಗೆ ಟೈಪ್ 1 ಸಾಕು, ವಿಟ್ರಿಫೈಡ್‌ಗೆ ಟೈಪ್ 2 ಅಥವಾ ಅದಕ್ಕಿಂತ ಮೇಲಿನದು. ನನ್ನನ್ನು ಕೇಳಿದರೆ ಅಡುಗೆಮನೆ ಗೋಡೆಗೆ ಒಳ್ಳೆಯ ಸೆರಾಮಿಕ್ ಸಾಕು. ವಿಟ್ರಿಫೈಡ್ ಗಟ್ಟಿ ಅಂತ ಮಾರುವವರು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಗೋಡೆ ಮೇಲೆ ಯಾರು ನಡೆಯುತ್ತಾರೆ?

ಟೈಲ್ಸ್ ಬಿಟ್ಟು ಬೇರೆ ದಾರಿಯೂ ಇದೆ. ಕಟ್ಟೆಗೆ ಹಾಕಿದ ಗ್ರಾನೈಟನ್ನೇ ಗೋಡೆಗೂ ಎಬ್ಬಿಸಬಹುದು. ನಮ್ಮ ಜಿಲ್ಲೆಯ ಹೆಸರಿನದೇ ಹಾಸನ ಗ್ರೀನ್ ಎಂಬ ಗ್ರಾನೈಟ್ ಇದೆ. ಗ್ರಾನೈಟ್‌ನಲ್ಲಿ ಸಂದಿ ಕಡಿಮೆ, ಹುಳಿ ಬಿದ್ದರೂ ಅದಕ್ಕೇನೂ ಆಗುವುದಿಲ್ಲ. ಮಾರ್ಬಲ್ ಮಾತ್ರ ಬೇಡವೇ ಬೇಡ. ಅದು ಸುಣ್ಣದ ಜಾತಿಯ ಕಲ್ಲು, ನಿಂಬೆಹಣ್ಣು, ಹುಣಸೆಹುಳಿ ತಾಗಿದ ಕಡೆ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಹಿಂಬದಿಗೆ ಬಣ್ಣ ಬಳಿದ ಗಾಜು ಒರೆಸಲು ಬಲು ಸುಲಭ. ಒಲೆಯ ಹಿಂದೆ ಟಫನ್ಡ್ ಗಾಜೇ ಆಗಬೇಕು. ಅದನ್ನು ಕಾಯಿಸಿ ಗಟ್ಟಿ ಮಾಡಿದ ಮೇಲೆ ತೂತು ಕೊರೆಯಲು ಬರುವುದಿಲ್ಲ, ಸ್ವಿಚ್ ಬೋರ್ಡಿನ ಜಾಗ ಮೊದಲೇ ಅಳೆದು ಕೊಟ್ಟಿರಬೇಕು. ಬಾಡಿಗೆ ಮನೆಯವರಿಗೆ ಅಲ್ಯೂಮಿನಿಯಂ ಹಾಳೆಯ ಸ್ಟಿಕ್ಕರ್ ಇದೆ, ವರ್ಷ ಎರಡು ವರ್ಷ ನಡೆಯುತ್ತದೆ. ಪಿವಿಸಿ ಶೀಟನ್ನು ಬೆಂಕಿಯ ಹತ್ತಿರ ಹಾಕಬೇಡಿ.

ಇನ್ನು ಉಬ್ಬು ಕೆತ್ತನೆಯ ಟೈಲ್ಸ್. ಅಂಗಡಿಯ ದೀಪದಲ್ಲಿ ನೋಡಿದರೆ ಆಸೆಯಾಗುತ್ತದೆ, ಒಪ್ಪುತ್ತೇನೆ. ಆದರೆ ಬೇಲೂರಿನ ಕೆತ್ತನೆ ಬೇಲೂರಲ್ಲೇ ಇರಲಿ. ಅಲ್ಲಿ ದೇವಸ್ಥಾನದ ಗೋಡೆಗೆ ಯಾರೂ ಒಗ್ಗರಣೆ ಹಾಕುವುದಿಲ್ಲ, ಅಲ್ವಾ?

ಅಳತೆಯ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಸಂದಿ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಇದೇ. ನಮ್ಮ ಕಟ್ಟೆ ಎಲ್ ಆಕಾರದ್ದು. ಒಂದು ಗೋಡೆಗೆ 8 ಅಡಿ, ಇನ್ನೊಂದಕ್ಕೆ 6 ಅಡಿ. ಎರಡು ಅಡಿ ಎತ್ತರಕ್ಕೆ 28 ಚದರಡಿ. ಕಿಟಕಿ 3 ಚದರಡಿ ಕಳೆದರೆ 25. ಈ 25 ಚದರಡಿಗೆ, ಈಗ ಎಲ್ಲರೂ ಕೇಳುವ 3 ಇಂಚು 6 ಇಂಚಿನ ಸಣ್ಣ ಇಟ್ಟಿಗೆಯಂಥ ಟೈಲ್ಸ್ ಹಾಕಿದರೆ ಸಂದಿಯ ಒಟ್ಟು ಉದ್ದ ಸುಮಾರು 150 ಅಡಿ. 12 ಇಂಚು 18 ಇಂಚಿನದು ಹಾಕಿದರೆ ಸುಮಾರು 42 ಅಡಿ. 2 ಅಡಿ 4 ಅಡಿಯದನ್ನು ಅಡ್ಡಲಾಗಿ ಹಾಕಿದರೆ 20 ಅಡಿಯೂ ಆಗುವುದಿಲ್ಲ, ಒಂದೇ ಸಾಲಿನಲ್ಲಿ ಎತ್ತರ ಮುಗಿದುಹೋಗುತ್ತದೆ. ಹಲ್ಲುಜ್ಜುವ ಬ್ರಷ್ ಹಿಡಿದು ದೀಪಾವಳಿಗೆ ಸಂದಿ ತಿಕ್ಕುವವರು ಈ ಮೂರು ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿ. ದೊಡ್ಡ ಟೈಲ್ಸ್‌ಗೂ ಒಂದು ಷರತ್ತು ಇದೆ, ಗೋಡೆ ನೇರ ಇರಬೇಕು. ಹಳೇ ಮನೆಗಳಲ್ಲಿ, ಅದರಲ್ಲೂ ಮಣ್ಣಿನ ಗೋಡೆಗೆ ಮೇಲೆ ಸಿಮೆಂಟ್ ಗಾರೆ ಮಾಡಿದ ಕಡೆ, ಗೋಡೆ ಹೊಟ್ಟೆ ಬಿಟ್ಟಿರುತ್ತದೆ. ಅಲ್ಲಿಗೆ 12–18 ವಾಸಿ.

ಎಷ್ಟು ಟೈಲ್ಸ್ ತರಬೇಕು? 25 ಚದರಡಿಗೆ ಕಟಿಂಗ್ ನಷ್ಟ ಅಂತ 10 ಪರ್ಸೆಂಟ್ ಸೇರಿಸಿದರೆ 27.5. 12–18ರ ಒಂದು ಟೈಲ್ ಒಂದೂವರೆ ಚದರಡಿ, ಅಂದರೆ 19 ಟೈಲ್ಸ್. ಬಾಕ್ಸಿಗೆ ಆರು ಇದ್ದರೆ ನಾಲ್ಕು ಬಾಕ್ಸ್. ನಾಲ್ಕೂ ಬಾಕ್ಸಿನ ಮೇಲೆ ಶೇಡ್ ಮತ್ತು ಬ್ಯಾಚ್ ನಂಬರ್ ಒಂದೇ ಇರಬೇಕು. ಒಂದೇ ಹೆಸರಿನ ಟೈಲ್ಸ್ ಬೇರೆ ಬ್ಯಾಚಿನಲ್ಲಿ ಒಂದು ನೂಲು ಬಣ್ಣ ಆಚೀಚೆ ಆಗಿರುತ್ತದೆ. ಅಂಗಡಿಯಲ್ಲಿ ಕಾಣದ ಆ ವ್ಯತ್ಯಾಸ ಗೋಡೆಯಲ್ಲಿ ಅಕ್ಕಪಕ್ಕ ಬಂದಾಗ ಕಣ್ಣಿಗೆ ಚುಚ್ಚುತ್ತದೆ.

ಎರಡನೇ ಸಲ ಕೊಳ್ಳುವ ಮೊದಲು ಅಂಗಡಿಯವರ ಹತ್ತಿರ ಒಡೆದ ಮೂರು ಚೂರು ಬೇಡಿ ತಂದೆ. ಒಂದು ಹೊಳಪಿನದು, ಒಂದು ಹೊಳಪಿಲ್ಲದ ಮ್ಯಾಟ್, ಇನ್ನೊಂದು ತರಿತರಿ ಕಲ್ಲಿನಂಥದು. ಟೈಲ್ಸ್ ಬಿದ್ದ ಗೋಡೆಯಿಂದ ಬಿಳಿ ಸಿಮೆಂಟ್ ಸಂದಿ ಇರುವ ಒಂದು ಚೂರನ್ನೂ ಪಕ್ಕಕ್ಕಿಟ್ಟೆ. ನಾಲ್ಕರ ಮೇಲೂ ಅರಿಶಿನ ಕದಡಿದ ಎಣ್ಣೆ ಸವರಿ ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಪಾತ್ರೆ ಸೋಪಿನ ಬಿಲ್ಲೆ ಹಚ್ಚಿ ತಿಕ್ಕಿದೆ. ಹೊಳಪಿನದು ಒಂದೇ ಒರೆಸಿಗೆ ಸ್ವಚ್ಛ. ಮ್ಯಾಟ್ ಎರಡು ಮೂರು ಸಲ ಕೇಳಿತು. ತರಿತರಿಯದರಲ್ಲಿ ಹಳದಿ ಛಾಯೆ ಉಳಿದೇ ಹೋಯಿತು. ಸಂದಿಯ ಸಿಮೆಂಟ್ ಮಾತ್ರ ಸೋಪು ತಾಗಿದ ತಕ್ಷಣ ಕೆಂಪಾಯಿತು.

ಅಮ್ಮ ನೋಡಿ ನಕ್ಕರು. "ಆರತಿ ನೀರಿಗೆ ಇದನ್ನೇ ಅಲ್ವೇನೇ ಮಾಡೋದು?" ಅಂದರು. ಹೌದು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುವುದೂ ಇದೇ ಕಾರಣಕ್ಕೆ. ಅರಿಶಿನದ ಬಣ್ಣ ಕರ್ಕ್ಯುಮಿನ್‌ನದು. ಅದು ಕ್ಷಾರ ತಾಗಿದರೆ ಕೆಂಪಿಗೆ ತಿರುಗುತ್ತದೆ. ಸೋಪಿನ ಬಿಲ್ಲೆಯಲ್ಲಿ ಕ್ಷಾರ ಇದೆ, ಸಿಮೆಂಟಿನಲ್ಲೂ ಇದೆ. ಕರ್ಕ್ಯುಮಿನ್ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಹಾಗಾಗಿ ಒಗ್ಗರಣೆ ಎಣ್ಣೆ ಜೊತೆ ಸಂದಿಯ ಸಣ್ಣ ರಂಧ್ರಗಳೊಳಗೆ ಇಳಿದು ಕೂರುತ್ತದೆ. ಮೇಲೆ ಮೇಲೆ ತಿಕ್ಕಿದರೆ ಅದು ಬರುವುದಿಲ್ಲ. ಬಿಸಿಲು ಬೀಳುವ ಗೋಡೆಯಾದರೆ ಬಣ್ಣ ತಾನಾಗಿ ಮಾಸುತ್ತದೆ, ಆದರೆ ಒಲೆಯ ಹಿಂದೆ ಬಿಸಿಲು ಎಲ್ಲಿಂದ ಬರಬೇಕು?

ಕಲೆ ಹೋಗದಿದ್ದಾಗ ಎಲ್ಲರೂ ಕೈಹಾಕುವುದು ಆಸಿಡ್ ಬಾಟಲಿಗೆ. ಅದು ಕಲೆಯನ್ನಷ್ಟೇ ತೆಗೆಯುವುದಿಲ್ಲ, ಕಲೆ ಹಿಡಿದ ಸಿಮೆಂಟನ್ನೇ ಕರಗಿಸುತ್ತದೆ. ಒಂದೆರಡು ಸಲಕ್ಕೆ ಸಂದಿ ಟೊಳ್ಳಾಗಿ ನೀರು ಒಳಗೆ ಹೋಗಲು ದಾರಿಯಾಗುತ್ತದೆ. ಹೊಗೆಗೆ ಸ್ಟೀಲ್ ನಲ್ಲಿಯೂ ಮಂಕಾಗುತ್ತದೆ, ನಮ್ಮ ಗಂಟಲಿಗೂ ಒಳ್ಳೆಯದಲ್ಲ.

ಇದಕ್ಕೆ ಎಪಾಕ್ಸಿ ಗ್ರೌಟ್ ಉತ್ತರ. ಗ್ರೌಟ್ ಅಂದರೆ ಟೈಲ್ಸ್ ಸಂದಿಗೆ ತುಂಬುವ ಮಿಶ್ರಣ. ಎಪಾಕ್ಸಿ ಸಿಮೆಂಟ್ ಅಲ್ಲ. ರೆಸಿನ್ ಮತ್ತು ಹಾರ್ಡ್‌ನರ್ ಬೆರೆಸಿ, ಅದಕ್ಕೆ ಬಣ್ಣದ ಪುಡಿ ಕಲಸಿ ತುಂಬುತ್ತಾರೆ. ಗಟ್ಟಿಯಾದ ಮೇಲೆ ರಂಧ್ರವೇ ಇರುವುದಿಲ್ಲ. ನೀರು, ಎಣ್ಣೆ ಒಳಗೆ ಇಳಿಯುವುದಿಲ್ಲ, ಬೂಸ್ಟಿಗೂ ಕಾಲೂರಲು ಜಾಗ ಇಲ್ಲ. ಸಿಮೆಂಟಿನ ಸಾದಾ ಗ್ರೌಟ್‌ಗಿಂತ ಬೆಲೆ ಹಲವು ಪಟ್ಟು. ಆದರೆ 12–18 ಟೈಲ್ಸ್‌ಗೆ ಎರಡು ಮಿಲಿಮೀಟರ್ ಸಂದಿ ಬಿಟ್ಟರೆ ನಮ್ಮ 25 ಚದರಡಿಗೆ ಒಂದು ಕೆಜಿ ಪ್ಯಾಕ್ ಬೇಕಾದಷ್ಟಾಯಿತು, ಮಿಕ್ಕಿತು ಕೂಡ. ಮನೆಯ ಎಲ್ಲ ಕಡೆ ಹಾಕಿಸಲು ದುಡ್ಡಿಲ್ಲದಿದ್ದರೂ ಈ ಒಂದು ಗೋಡೆಗೆ ಹಾಕಿಸಿ.

ಎಪಾಕ್ಸಿ ಹಾಕುವ ದಿನ ಅವಸರ ಮಾಡುವ ಮೇಸ್ತ್ರಿ ಬೇಡ. ಕಲಸಿದ ಮೇಲೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ಬಿಗಿಯಲು ಶುರುವಾಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ತೂಗಿ ಕಲಸಬೇಕು. ಕೈಅಂದಾಜು ನಡೆಯುವುದಿಲ್ಲ, ಹಾರ್ಡ್‌ನರ್ ಕಮ್ಮಿಯಾದರೆ ಸಂದಿ ಯಾವತ್ತೂ ಮೆತ್ತಗೇ ಇರುತ್ತದೆ. ತುಂಬಿದ ಜಾಗವನ್ನು ಒದ್ದೆ ಸ್ಪಂಜಿನಲ್ಲಿ ಆಗಿಂದಾಗಲೇ ಒರೆಸಬೇಕು. ನಾಳೆ ಒರೆಸಿದರಾಯಿತು ಅಂದರೆ ಆ ಪೊರೆಯನ್ನು ಬ್ಲೇಡಿನಲ್ಲಿ ಕೆರೆಯಬೇಕಾಗುತ್ತದೆ. ಎಪಾಕ್ಸಿ ಬೇಡ, ಸಾದಾ ಗ್ರೌಟೇ ಸಾಕು ಅನ್ನುವವರು ಬಿಳಿ ಬಣ್ಣ ಬಿಟ್ಟು ಬೂದಿ ಬಣ್ಣ ಆರಿಸಲಿ. ನೀರು ಜಾಸ್ತಿ ಹಾಕಿ ತೆಳ್ಳಗೆ ಕಲಸಲು ಬಿಡಬೇಡಿ, ಒಣಗಿದ ಮೇಲೆ ಉದುರುತ್ತದೆ.

ಈಗ ಗೋಡೆಗೆ ಬರೋಣ. ಮಲೆನಾಡಿನ ಕಡೆಯವರು ಟೈಲ್ಸ್ ತರುವ ಮೊದಲೇ ಒಂದು ಕೆಲಸ ಮಾಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಒಳಬದಿಗೆ ಹನಿ ಕಟ್ಟಿದ್ದರೆ ಗೋಡೆಯೊಳಗೇ ತೇವ ಇದೆ. ಹೊರಗಿನ ಬಿರುಕೋ, ಸೂರಿನ ಸೋರಿಕೆಯೋ, ಒಡೆದ ಪೈಪೋ, ಅದನ್ನು ಮೊದಲು ಸರಿಮಾಡಿಸಿ. ಟೈಲ್ಸ್ ಹಾಕಿ ಮುಚ್ಚಿದರೆ ನೀರು ಎಲ್ಲೂ ಹೋಗುವುದಿಲ್ಲ, ಪಕ್ಕದಲ್ಲಿ ಬಣ್ಣ ಬಳಿದ ಗೋಡೆಯಲ್ಲಿ ಉಪ್ಪಾಗಿ ಹೊರಬರುತ್ತದೆ. ಇದೇ ಕಾರಣಕ್ಕೆ ಈ ಕೆಲಸವನ್ನು ಶಿವರಾತ್ರಿಯಿಂದ ಮುಂಗಾರು ಹಿಡಿಯುವುದರೊಳಗೆ ಮುಗಿಸುವುದು ಲೇಸು. ಹೊಸ ಗಾರೆಯಾದರೆ ನೀರುಣಿಸಿ, ಮೂರ್ನಾಲ್ಕು ವಾರ ಬಿಟ್ಟು, ಆಮೇಲೆ ಟೈಲ್ಸ್ ಹಾಕಿಸಿ.

ಗೋಡೆಗೆ ಬಣ್ಣ, ಪುಟ್ಟಿ ಇದ್ದರೆ ಅದರ ಮೇಲೇ ಅಂಟಿಸಲು ಬಿಡಬೇಡಿ. ಪುಟ್ಟಿ ಅಂದರೆ ಗೋಡೆಗೆ ಬಳಿದ ಪೌಡರ್ ಇದ್ದ ಹಾಗೆ. ಟೈಲ್ಸ್ ಪುಟ್ಟಿಯನ್ನು ಹಿಡಿದುಕೊಂಡರೂ ಪುಟ್ಟಿ ಗೋಡೆಯನ್ನು ಹಿಡಿದುಕೊಳ್ಳುವುದಿಲ್ಲ. ಉಳಿಯಿಂದ ಕೆತ್ತಿ ಗಾರೆ ಕಾಣುವವರೆಗೆ ತೆಗೆದು, ಕಚ್ಚು ಮಾಡಿ, ಧೂಳು ತೊಳೆಯಬೇಕು. ಸ್ವಿಚ್ ಬೋರ್ಡ್, ನೀರಿನ ಪೈಪ್ ಎಲ್ಲ ಅದಕ್ಕೂ ಮೊದಲೇ ಮುಗಿದಿರಬೇಕು. ಮಿಕ್ಸಿಗೆ, ಗ್ರೈಂಡರ್‌ಗೆ, ಮುಂದೆ ತರುವ ಓವನ್‌ಗೆ ಪ್ಲಗ್ ಎಲ್ಲಿ ಬರಬೇಕು ಅಂತ ಕಟ್ಟೆ ಮುಂದೆ ನಿಂತು ಅಡುಗೆ ಮಾಡುವವರೇ ಹೇಳಲಿ. ಸಿಂಕಿನ ಪಕ್ಕಕ್ಕೂ ಬೇಡ, ಒಲೆಯ ನೆತ್ತಿಗೂ ಬೇಡ.

ಕಟ್ಟೆಯ ಗ್ರಾನೈಟ್ ಮೊದಲು, ಟೈಲ್ಸ್ ಆಮೇಲೆ. ಟೈಲ್ಸ್ ಗ್ರಾನೈಟಿನ ಮೇಲೆ ಕೂತರೆ ಗೋಡೆಗೆ ಎರಚಿದ ನೀರು ಕಟ್ಟೆ ಮೇಲೆ ಇಳಿಯುತ್ತದೆ. ಹಿಂದುಮುಂದಾದರೆ ನೀರು ಸ್ಲ್ಯಾಬಿನ ಹಿಂದಕ್ಕೆ ಇಳಿದು ಕೆಳಗಿನ ಕಪಾಟಿನ ಹಲಗೆ ಉಬ್ಬುತ್ತದೆ. ಮೇಸ್ತ್ರಿ ರಸಮಟ್ಟ ಹಿಡಿದು ಮೊದಲ ಸಾಲಿಗೆ ಗೆರೆ ಎಳೆಯಲಿ, ಕಟ್ಟೆಯನ್ನೇ ನಂಬಿ ಶುರುಮಾಡದಿರಲಿ. ಕಟ್ಟೆ ಓರೆ ಇದ್ದರೆ ಟೈಲ್ಸೂ ಓರೆ. ಕಣ್ಣು ಬೀಳುವುದು ಒಲೆಯ ಹಿಂದೆ, ಅಲ್ಲಿ ಪೂರ್ತಿ ಟೈಲ್ಸ್ ಬರಲಿ, ಕತ್ತರಿಸಿದ ಚೂರು ಮೂಲೆಗೆ ಹೋಗಲಿ.

ಸಿಮೆಂಟಿನಲ್ಲಿ ಹಾಕುವುದಾದರೆ ಸೆರಾಮಿಕ್ ಟೈಲ್ಸನ್ನು ನೀರಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ನೆನೆಸಬೇಕು. ಇಲ್ಲದಿದ್ದರೆ ಮಡಕೆ ಬೆನ್ನು ಸಿಮೆಂಟಿನ ನೀರನ್ನೆಲ್ಲ ಕುಡಿದುಬಿಡುತ್ತದೆ, ಸಿಮೆಂಟ್ ಗಟ್ಟಿಯಾಗದೆ ಪುಡಿಯಾಗುತ್ತದೆ. ಅಡ್ಹೆಸಿವ್ ಆದರೆ ನೆನೆಸುವ ಕೆಲಸವಿಲ್ಲ. 20 ಕೆಜಿಯ ಒಂದು ಚೀಲ ನಮ್ಮ ಗೋಡೆಗೆ ಸಾಕಾಯಿತು. ಮೇಸ್ತ್ರಿ ಅದನ್ನು ಹಲ್ಲಿರುವ ಕರಣೆಯಲ್ಲಿ ಗೋಡೆ ತುಂಬ ಎಳೆದರು. ನೇಗಿಲು ಹೊಡೆದ ಹೊಲದ ಹಾಗೆ ಸಾಲು ಸಾಲು. ಟೈಲ್ಸ್ ಒತ್ತಿದಾಗ ಆ ಸಾಲುಗಳು ಅಪ್ಪಚ್ಚಿಯಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಗಾಳಿ ಆಚೆ ಹೋಗುತ್ತದೆ.

ಮೊದಲ ಟೈಲ್ಸ್ ಕೂರಿಸಿದ ಮೇಲೆ ನಾನು ಅದನ್ನು ಒಮ್ಮೆ ಕಿತ್ತು ತೋರಿಸಿ ಅಂದೆ. ಬೇಜಾರಾಗಬಹುದು ಅಂದುಕೊಂಡಿದ್ದೆ. ಅವರು ಖುಷಿಯಿಂದಲೇ ಕಿತ್ತರು. ಬೆನ್ನಿನ ತುಂಬ ಬೂದಿ ಬಣ್ಣ, ಮೂಲೆಗಳೂ ಬಿಟ್ಟಿರಲಿಲ್ಲ. "ಮುದ್ದೆ ಊಟಕ್ಕೆ ಅಕ್ಕಾ, ಗೋಡೆಗಲ್ಲ" ಅಂದರು. ಮೊದಲ ಸಲದ ಆ ಐದು ಗುಡ್ಡೆಗಳ ಕಥೆ ಅವರಿಗೆ ಆಗಲೇ ಹೇಳಿದ್ದೆ. ಈಗಾಗಲೇ ಹಾಕಿಸಿರುವ ಗೋಡೆಯನ್ನು ಕಿತ್ತು ನೋಡಲು ಆಗುವುದಿಲ್ಲವಲ್ಲ. ಒಂದು ನಾಣ್ಯದಲ್ಲಿ ಪ್ರತಿ ಟೈಲ್ಸ್‌ನ ನಡುವೆ, ಮೂಲೆಗಳಲ್ಲಿ ತಟ್ಟಿ. ತುಂಬಿದ ಕಡೆ ಟಕ್ ಎಂದು ಬಿಗಿಯಾದ ಸದ್ದು, ಪೊಳ್ಳಿರುವ ಕಡೆ ಖಾಲಿ ಡಬ್ಬಿಯ ಸದ್ದು.

ಒಂದು ದಿನ ಬಿಟ್ಟು ಸಂದಿ ತುಂಬಿದರು. ಕಟ್ಟೆ ಮತ್ತು ಟೈಲ್ಸ್ ಕೂಡುವ ಗೆರೆಯನ್ನು ಮಾತ್ರ ಗ್ರೌಟ್ ತುಂಬದೆ ಎರಡು ಮೂರು ಮಿಲಿಮೀಟರ್ ಖಾಲಿ ಬಿಡಿಸಿದ್ದೆ. ಗ್ರಾನೈಟ್ ಒಂದು ಥರ ಹಿಗ್ಗುತ್ತದೆ, ಗೋಡೆ ಇನ್ನೊಂದು ಥರ. ಅಲ್ಲಿ ಗಟ್ಟಿ ಗ್ರೌಟ್ ಹಾಕಿದರೆ ಕೂದಲೆಳೆ ಬಿರುಕು ಬಿಟ್ಟೇ ಬಿಡುತ್ತದೆ, ಜಿರಳೆ ಮರಿಗಳಿಗೆ ಅದೇ ಹೆದ್ದಾರಿ. ಅದಕ್ಕೆ ರಬ್ಬರಿನಂತೆ ಬಳುಕುವ ಸಿಲಿಕೋನ್ ತುಂಬಬೇಕು. ಬೂಸ್ಟು ತಡೆಯುವ ಜಾತಿಯದೇ ಕೇಳಿ ತನ್ನಿ. ಮೇಲೂ ಕೆಳಗೂ ಪೇಪರ್ ಟೇಪ್ ಹಚ್ಚಿ, ಸಿಲಿಕೋನ್ ಟ್ಯೂಬ್ ಒತ್ತುವ ಗನ್ನಿನಲ್ಲಿ ಎಳೆದು, ಸೋಪು ನೀರಲ್ಲಿ ಅದ್ದಿದ ಬೆರಳಲ್ಲಿ ಒಮ್ಮೆ ಸವರಿ, ಹಸಿ ಇರುವಾಗಲೇ ಟೇಪ್ ಕಿತ್ತರೆ ಗೆರೆ ನೇರ ಬರುತ್ತದೆ. ಒಂದು ದಿನ ನೀರು ತಾಗಿಸಬಾರದು. ಆ ದಿನ ನಮ್ಮ ಮನೆಯಲ್ಲಿ ಹೋಟೆಲ್ ಊಟ.

ನಾಲ್ಕು ಬಾಕ್ಸಿನಲ್ಲಿ ಐದು ಟೈಲ್ಸ್ ಉಳಿದವು. ಶೇಡ್ ನಂಬರ್ ಇರುವ ರಟ್ಟಿನ ಜೊತೆಗೇ ಕಟ್ಟಿ ಅಟ್ಟಕ್ಕೆ ಹಾಕಿದೆ, ಮುಂದೆ ಯಾವುದಾದರೂ ಒಡೆದರೆ ಇರಲಿ ಅಂತ. ಮೊನ್ನೆ ನೋಡಿದರೆ ಅದರಲ್ಲಿ ಒಂದು ಅಟ್ಟದಿಂದ ಇಳಿದು ಊಟದ ಮೇಜಿನ ಮೇಲೆ ಬಿಸಿ ಕುಕ್ಕರ್ ಹೊತ್ತು ಕೂತಿದೆ. "ಸುಮ್ನೆ ಧೂಳು ತಿಂತಾ ಇತ್ತು" ಅಂದರು ಅಮ್ಮ. ಇನ್ನು ನಾಲ್ಕಿವೆ.